ಕೆಳಗಿನ ಮನೆ ಟ್ರೆಡ್‌ಮಿಲ್, ಮೇಲಿನ ಮನೆ ರಿಗ್: ನಾಯ್ಸ್ ಹಿಡಿಯೋದು ಹೇಗೆ, ಅಡಗಿಸೋದು ಹೇಗೆ

ಬೆಳಗ್ಗೆ ಆರೂವರೆ. ಕಾಫಿ ಲೋಟ ಟೇಬಲ್ ಮೇಲೆ, ರಿಗ್, ಅಂದರೆ ಹವ್ಯಾಸಿಗಳು ಒಬ್ಬರಿಗೊಬ್ಬರು ಮಾತಾಡುವ ಹ್ಯಾಮ್ ರೇಡಿಯೋ ಸೆಟ್, 7 ಮೆಗಾಹರ್ಟ್ಸ್ ಮೇಲೆ. ಪುಣೆಯ ಸ್ಟೇಷನ್ ಒಂದು ಆರಾಮಾಗಿ ಬರುತ್ತಿತ್ತು. ಇದ್ದಕ್ಕಿದ್ದಂತೆ ಝರ್ರ್ ಅಂತ ಶುರುವಾಯಿತು ನೋಡಿ. ಸಿಗ್ನಲ್ ಬಲ ತೋರಿಸುವ ಎಸ್-ಮೀಟರ್ ಮೂರರಿಂದ ಎಂಟಕ್ಕೆ ಹಾರಿತು, ಪುಣೆ ಮುಳುಗಿಹೋಯಿತು. ಏಳೂಕಾಲಿಗೆ ಯಾರೋ ಸ್ವಿಚ್ ಆರಿಸಿದ ಹಾಗೆ ನಿಂತಿತು. ಮಾರನೇ ದಿನವೂ ಅದೇ ಹೊತ್ತು, ಅದೇ ಝರ್ರ್.

ಮೊದಲು ಬೀದಿಯ ಎಲ್‌ಇಡಿ ದೀಪವನ್ನು ಬೈದೆ. ಆಮೇಲೆ ಸೆಟ್‌ಟಾಪ್ ಬಾಕ್ಸ್. ಆಮೇಲೆ ನಮ್ಮದೇ ಮಿಕ್ಸಿ, ಆದರೆ ನಲವತ್ತೈದು ನಿಮಿಷ ಚಟ್ನಿ ರುಬ್ಬುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಕೊನೆಗೆ ಸಿಕ್ಕಿದ್ದು ಕೆಳಗಿನ ಮನೆ ಅಂಕಲ್ ಅವರ ಟ್ರೆಡ್‌ಮಿಲ್. ಶುಗರ್ ಇದೆ, ದಿನಾ ನಡೀರಿ ಅಂತ ಡಾಕ್ಟರ್ ಹೇಳಿದ್ದಾರೆ, ಮಗಳು ಮಷೀನ್ ತಂದುಕೊಟ್ಟಿದ್ದಾಳೆ. ಅವರದೇನು ತಪ್ಪು?

ಹುಡುಕುವುದರಲ್ಲಿ ಎರಡು ತಿಂಗಳು ಹೋಯಿತು. ಸರಿಯಾದ ಕ್ರಮದಲ್ಲಿ ಹೋಗಿದ್ದರೆ ಎರಡು ವಾರದ ಕೆಲಸ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ಗದ್ದಲ ಯಾವ ದಾರಿಯಲ್ಲಿ ಬರುತ್ತಿದೆ ಅಂತ ಗೊತ್ತಾಗುವ ತನಕ ಒಂದು ರೂಪಾಯಿಯ ಸಾಮಾನೂ ಕೊಳ್ಳಬೇಡಿ. ನಾನು ಕೊಂಡಿದ್ದೆ. ಕೇಬಲ್ ಮೇಲೆ ಕೂರಿಸಿ ನಾಯ್ಸ್ ತಡೆಯುವ ಆ ಕ್ಲಿಪ್ ಫೆರೈಟ್‌ಗಳು ಈಗಲೂ ಡ್ರಾಯರ್‌ನಲ್ಲಿ ಬಿದ್ದಿವೆ.

ಈ ಮಷೀನ್‌ಗೆ ಅಷ್ಟು ಗಲಾಟೆ ಯಾಕೆ?

ಮನೆಯಲ್ಲಿಡುವ ಹೆಚ್ಚಿನ ಟ್ರೆಡ್‌ಮಿಲ್‌ಗಳಲ್ಲಿ ಇರುವುದು ಕಾರ್ಬನ್ ಬ್ರಶ್ ಇರುವ ಡಿಸಿ ಮೋಟಾರ್. ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು ಒಳಗಿನ ಬೋರ್ಡ್ ಸುಮಾರು 325 ವೋಲ್ಟ್ ಡಿಸಿ ಮಾಡುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಮೋಟಾರ್‌ಗೆ ಕೊಡುತ್ತದೆ. ವೇಗ ಜಾಸ್ತಿ ಬೇಕಾದರೆ ತುಂಡು ಉದ್ದ, ಕಡಿಮೆ ಬೇಕಾದರೆ ತುಂಡು ಚಿಕ್ಕದು. ಇದಕ್ಕೇ ಪಿಡಬ್ಲ್ಯೂಎಂ ಅನ್ನುವುದು. ಕತ್ತರಿಸುವ ವೇಗ ಸುಮಾರು 20 ಕಿಲೋಹರ್ಟ್ಸ್ ಅಂದುಕೊಳ್ಳಿ. ಅದರ ಎರಡರಷ್ಟು, ಮೂರರಷ್ಟು, ಹೀಗೆ ನೂರಾರು ಪಟ್ಟಿನವರೆಗೂ ಸಿಗ್ನಲ್ ಹುಟ್ಟುತ್ತದೆ. ನಮ್ಮ 40 ಮೀಟರ್ ಬ್ಯಾಂಡ್ 7.0ರಿಂದ 7.2 ಮೆಗಾಹರ್ಟ್ಸ್, ಅಂದರೆ 200 ಕಿಲೋಹರ್ಟ್ಸ್ ಅಗಲ. ಅಷ್ಟರಲ್ಲಿ ಹತ್ತು ಕಡೆ ಗುಡ್ಡ ಎದ್ದ ಹಾಗೆ ನಾಯ್ಸ್ ಕೂತಿರುತ್ತದೆ. ಸಿಗ್ನಲ್‌ಗಳನ್ನು ಪರದೆ ಮೇಲೆ ಚಿತ್ರವಾಗಿ (ವಾಟರ್‌ಫಾಲ್) ತೋರಿಸುವ ಸಾಫ್ಟ್‌ವೇರ್ ರೇಡಿಯೋ, ಅಂದರೆ ಎಸ್‌ಡಿಆರ್ ಇದ್ದರೆ ಬಾಚಣಿಗೆ ಹಲ್ಲಿನ ಹಾಗೆ ಸಮ ದೂರದಲ್ಲಿ ಗೆರೆಗಳು ಕಾಣುತ್ತವೆ.

ಹಳೇ ಕಾಲದ ಕೆಲವು ಮಷೀನ್‌ಗಳಲ್ಲಿ ಎಸ್‌ಸಿಆರ್ ಕಂಟ್ರೋಲ್ ಇರುತ್ತದೆ, ಎಸಿ ಅಲೆಯನ್ನೇ ಕತ್ತರಿಸಿ ವೇಗ ಹಿಡಿಯುವಂಥದ್ದು. ಅದರ ಸದ್ದೇ ಬೇರೆ, 100 ಹರ್ಟ್ಸ್‌ನ ಒರಟು ಗುಂಯ್. ಬ್ರಶ್ ಸವೆದಿದ್ದರೆ ಕಿಡಿ ಹಾರಿ ಚಟಪಟ ಸೇರಿಕೊಳ್ಳುತ್ತದೆ. ಬೆಲ್ಟ್ ಹಲಗೆ ಮೇಲೆ ಉಜ್ಜಿ ಸ್ಟ್ಯಾಟಿಕ್ ಹುಟ್ಟುವುದೂ ಉಂಟು, ಒಣ ಹವೆಯಲ್ಲಿ ಜಾಸ್ತಿ.

ಮ್ಯಾಗ್ನೆಟಿಕ್ ಸೈಕಲ್, ಅಂದರೆ ಗುಂಡಿ ತಿರುಗಿಸಿ ಬಿಗಿ ಮಾಡುವಂಥದ್ದು, ನಿರುಪದ್ರವಿ. ಅದರ ಮೀಟರ್‌ಗೆ ಎರಡು ಪೆನ್ಸಿಲ್ ಸೆಲ್ ಸಾಕು. ಎಲಿಪ್ಟಿಕಲ್ ಅಥವಾ ಸ್ಮಾರ್ಟ್ ಸೈಕಲ್‌ಗೆ ಚಾರ್ಜರ್ ಥರದ ಅಡಾಪ್ಟರ್ ಇದ್ದರೆ ಅನುಮಾನಿಸಬೇಕಾದದ್ದು ಆ ಅಡಾಪ್ಟರನ್ನು. ಅದನ್ನು ಬದಲಾಯಿಸಿದರೆ ಅರ್ಧ ಕೆಲಸ ಮುಗಿಯಿತು.

ಹೆಜ್ಜೆ 1: ಒಂದು ವಾರ ಸುಮ್ನೆ ಬರೆದಿಡಿ

ಹೊತ್ತು, ಬ್ಯಾಂಡ್, ಎಸ್-ಮೀಟರ್ ಎಷ್ಟು, ಸದ್ದು ಹೇಗಿತ್ತು. ಇಷ್ಟೇ. ಮೊಬೈಲ್‌ನಲ್ಲಿ ಒಂದೊಂದು ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೀದಿ ದೀಪ ಸಂಜೆಯಿಂದ ಬೆಳಗಿನವರೆಗೆ. ಸೋಲಾರ್ ಇನ್ವರ್ಟರ್ ಬಿಸಿಲಿದ್ದಷ್ಟು ಹೊತ್ತು. ವ್ಯಾಯಾಮದ ಮಷೀನ್ ಮಾತ್ರ ಮನುಷ್ಯರ ಅಭ್ಯಾಸದ ಹಾಗೆ: ದಿನಾ ಒಂದೇ ಹೊತ್ತು, ಅರ್ಧದಿಂದ ಮುಕ್ಕಾಲು ಗಂಟೆ, ಭಾನುವಾರ ತಡ, ಹಬ್ಬದ ದಿನ ರಜೆ. ನನ್ನ ಪುಸ್ತಕದಲ್ಲಿ ಯುಗಾದಿ ದಿನ ನಾಯ್ಸ್ ಇಲ್ಲ ಅಂತ ಬರೆದದ್ದು ನೋಡಿದಾಗಲೇ ಇದು ದೀಪ ಅಲ್ಲ, ಯಾರೋ ಮನುಷ್ಯರು ಅಂತ ಹೊಳೆದದ್ದು.

ಇನ್ನೊಂದು ಗುರುತು ಇದೆ, ಇದನ್ನು ಕಿವಿಗೊಟ್ಟು ಕೇಳಬೇಕು. ಹೆಡ್‌ಫೋನ್ ಹಾಕಿಕೊಂಡು ರಿಗ್ಗನ್ನು ಎಎಂ ಮೋಡ್‌ನಲ್ಲಿ ಆ ನಾಯ್ಸ್ ಗುಡ್ಡಗಳಲ್ಲೊಂದರ ಮೇಲೆ ನಿಲ್ಲಿಸಿ. ಕಾಲು ಬೆಲ್ಟ್ ಮೇಲೆ ಬಿದ್ದಾಗಲೆಲ್ಲ ಮೋಟಾರ್‌ಗೆ ಭಾರ ಬೀಳುತ್ತದೆ, ಬೋರ್ಡ್ ಕರೆಂಟ್ ಏರಿಸುತ್ತದೆ, ನಾಯ್ಸ್ ಸ್ವಲ್ಪ ಉಬ್ಬುತ್ತದೆ. ಝೂಂ, ಝೂಂ, ಝೂಂ. ಸೆಕೆಂಡಿಗೆ ಹೆಚ್ಚುಕಡಿಮೆ ಎರಡು. ಒಂದು ಬೆಳಗ್ಗೆ ಇದನ್ನು ಕೇಳುತ್ತಾ ಕೂತಿದ್ದವನಿಗೆ, ಇದು ಯಾರದೋ ಹೆಜ್ಜೆ ಸಪ್ಪಳ ಅಂತ ಗೊತ್ತಾದ ಕ್ಷಣ ಮೈ ಜುಂ ಅಂದಿತು. ಎರಡು ತಿಂಗಳಿಂದ ಅಂಕಲ್ ನನ್ನ ಕಿವಿಯೊಳಗೇ ವಾಕಿಂಗ್ ಮಾಡುತ್ತಿದ್ದರು.

ಹೆಜ್ಜೆ 2: ಮೊದಲು ನಿಮ್ಮ ಮನೆಯನ್ನೇ ಅನುಮಾನಿಸಿ

ನಾಯ್ಸ್ ಇರುವಾಗ ರಿಗ್ಗನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಇಲ್ಲಿ ನಮ್ಮ ಊರಿನ ಒಂದು ತೊಡಕಿದೆ. ಮೇನ್ ಆಫ್ ಮಾಡಿದ ತಕ್ಷಣ ಯುಪಿಎಸ್ ಇನ್ವರ್ಟರ್ ಎದ್ದು ಕೂರುತ್ತದೆ, ಅದರದ್ದೇ ಒಂದು ಗದ್ದಲ ಶುರುವಾಗುತ್ತದೆ. ಅದನ್ನೂ ಆರಿಸಿ. ನಾನು ಓದಿದ ಸಲಹೆಗಳಲ್ಲಿ ಈ ಮಾತು ಸಿಗಲಿಲ್ಲ, ನಾನು ಒಂದು ಭಾನುವಾರ ಪೂರ್ತಿ ಇದರಲ್ಲೇ ಮೋಸ ಹೋದೆ.

ಎಲ್ಲಾ ಆರಿಸಿದ ಮೇಲೂ ನಾಯ್ಸ್ ಇದ್ದರೆ ಅದು ಹೊರಗಿನದು. ನಿಂತುಹೋದರೆ ಒಂದೊಂದೇ ಎಂಸಿಬಿ ಹಾಕುತ್ತಾ ಹೋಗಿ, ಯಾವ ರೂಮು ಅಂತ ತಿಳಿಯುತ್ತದೆ. ಕರೆಂಟ್ ಹೋದಾಗಲೂ ಬ್ಯಾಟರಿ ಮೇಲೆ ಬ್ಯಾಂಡ್ ಕೇಳಿ ನೋಡಿ, ಜನರೇಟರ್ ಶುರುವಾಗುವ ಮುಂಚಿನ ಆ ಹತ್ತಿಪ್ಪತ್ತು ಸೆಕೆಂಡು ಎಷ್ಟು ನಿಶ್ಶಬ್ದ ಅಂದರೆ ಅಳು ಬರುತ್ತದೆ. ನಿಮ್ಮ ಜಾಗದ ನಿಜವಾದ ನಾಯ್ಸ್ ಅದು. ಬರೆದಿಟ್ಟುಕೊಳ್ಳಿ.

ಹೆಜ್ಜೆ 3: ಪುಟ್ಟ ರೇಡಿಯೋ ಹಿಡಿದು ಮೆಟ್ಟಿಲು ಇಳಿಯಿರಿ

ಸೆಲ್ ಹಾಕುವ ಹಳೇ ಎಎಂ ರೇಡಿಯೋ ಸಾಕು. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್‌ನಲ್ಲಿದೆ ಅಲ್ವಾ, ಅಲ್ಲಿಂದ ದೂರ ಸರಿಸಿ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತನ್ನಿ. ಶಾರ್ಟ್‌ವೇವ್ ಇದ್ದರೆ ಇನ್ನೂ ಒಳ್ಳೆಯದು. ನಾಯ್ಸ್ ಬರುವ ಹೊತ್ತಿಗೆ ಕಾರಿಡಾರ್‌ನಲ್ಲಿ, ಮೆಟ್ಟಿಲಲ್ಲಿ, ಮೀಟರ್ ಬೋರ್ಡ್ ಹತ್ತಿರ ನಡೆದು ನೋಡಿ.

ರೇಡಿಯೋ ಒಳಗೆ ಉದ್ದಕ್ಕೆ ಒಂದು ಫೆರೈಟ್ ಕಡ್ಡಿ ಇರುತ್ತದೆ. ಅದರ ತುದಿ ಗದ್ದಲದ ಕಡೆ ತಿರುಗಿದಾಗ ಸದ್ದು ತಗ್ಗುತ್ತದೆ, ಆ ದಿಕ್ಕು ಹಿಡಿದು ಹೋಗಬಹುದು ಅನ್ನುತ್ತಾರೆ. ಬಯಲಲ್ಲಿ ಇದು ನಿಜ. ಅಪಾರ್ಟ್‌ಮೆಂಟ್‌ನಲ್ಲಿ ಪೂರ್ತಿ ನಂಬಬೇಡಿ, ಯಾಕೆಂದರೆ ಗೋಡೆಯೊಳಗಿನ ವೈರೇ ಆಂಟೆನಾ ಆಗಿರುತ್ತದೆ, ಎಲ್ಲಾ ಕಡೆಯಿಂದಲೂ ಸದ್ದು. ಒಂದು ಬಾಗಿಲ ಹತ್ತಿರ ಸದ್ದು ಸ್ಪಷ್ಟವಾಗಿ ಏರಿದರೆ ಅದು ಸುಳಿವು ಅಷ್ಟೇ, ಸಾಕ್ಷಿ ಅಲ್ಲ.

ಮತ್ತೆ, ಬೆಳಗ್ಗೆ ಬೆಳಗ್ಗೆ ಇನ್ನೊಬ್ಬರ ಬಾಗಿಲಿಗೆ ರೇಡಿಯೋ ಒತ್ತಿ ಹಿಡಿದು ನಿಲ್ಲಬೇಡಿ. ಸೆಕ್ಯುರಿಟಿಯವರಿಗೆ ಮೊದಲೇ ಒಂದು ಮಾತು ಹೇಳಿ.

ಹೆಜ್ಜೆ 4: ಬಾಗಿಲು ತಟ್ಟುವುದು

ಇದು ಫೆರೈಟ್‌ಗಿಂತ ಕಷ್ಟದ ಕೆಲಸ. "ನಿಮ್ಮ ಮಷೀನ್‌ನಿಂದ ತೊಂದರೆ ಆಗ್ತಿದೆ" ಅಂತ ಶುರು ಮಾಡಿದರೆ ಕಥೆ ಮುಗಿಯಿತು. ನಾನು ಸಂಜೆ ಹೊತ್ತು ಹೋದೆ. "ಅಂಕಲ್, ನನ್ನ ಹತ್ತಿರ ಹ್ಯಾಮ್ ರೇಡಿಯೋ ಲೈಸೆನ್ಸ್ ಇದೆ. ಬೆಳಗ್ಗೆ ಒಂದು ಸದ್ದು ಬರುತ್ತಿದೆ, ಎಲ್ಲಿಂದ ಅಂತ ಹುಡುಕ್ತಾ ಇದ್ದೀನಿ. ನೀವು ಒಂದು ಐದು ನಿಮಿಷ ಸಹಾಯ ಮಾಡ್ತೀರಾ?" ಅಂದೆ. ಅವರು ಮೊದಲು ಕೇಳಿದ್ದು, "ಟೆರೇಸ್ ಮೇಲೆ ವೈರ್ ಕಟ್ಟಿದ್ದು ನೀವೇನಾ?"

ಮೇಲೆ ಕರೆದುಕೊಂಡು ಬಂದು ಹೆಡ್‌ಫೋನ್ ಕೊಟ್ಟೆ. ಕೆಳಗೆ ಆಂಟಿ ಮಷೀನ್ ಆನ್ ಮಾಡಿದರು, ಝರ್ರ್. ಆಫ್ ಮಾಡಿದರು, ಒಂದು ಸ್ಟೇಷನ್ ಮಾತಾಡುವುದು ಕೇಳಿತು. ಮೂರು ಸಲ ಹೀಗೆ ಮಾಡಿ. ಒಂದು ಸಲದ್ದು ಕಾಕತಾಳೀಯ ಆಗಿರಬಹುದು, ಮೂರು ಸಲ ಅಲ್ಲ. ಅಂಕಲ್ ಹೆಡ್‌ಫೋನ್ ತೆಗೆದು, "ಇಷ್ಟೊಂದಾ?" ಅಂದರು. ಅಲ್ಲಿಂದ ಮುಂದೆ ಜಗಳ ಇಲ್ಲ.

ಖರ್ಚು ನಿಮ್ಮದು ಅಂತ ಮೊದಲೇ ಹೇಳಿ. ನ್ಯಾಯವೋ ಅನ್ಯಾಯವೋ, ಕೆಲಸ ಬೇಗ ಆಗುತ್ತದೆ.

ಹೆಜ್ಜೆ 5: ನಾಲ್ಕು ಸ್ಥಿತಿಯಲ್ಲಿ ಕೇಳಿ

ಒಬ್ಬರು ರಿಗ್ ಹತ್ತಿರ, ಒಬ್ಬರು ಮಷೀನ್ ಹತ್ತಿರ, ನಡುವೆ ಫೋನ್. ಪ್ಲಗ್ ಕಿತ್ತಾಗ ಎಷ್ಟು, ಪ್ಲಗ್ ಹಾಕಿ ಸುಮ್ನೆ ಬಿಟ್ಟಾಗ ಎಷ್ಟು, ಬೆಲ್ಟ್ ಖಾಲಿ ಓಡುವಾಗ ಎಷ್ಟು, ಅದರ ಮೇಲೆ ಮನುಷ್ಯರಿದ್ದಾಗ ಎಷ್ಟು.

ಸುಮ್ನೆ ಬಿಟ್ಟಾಗಲೂ ನಾಯ್ಸ್ ಇದ್ದರೆ ತಪ್ಪು ಒಳಗಿನ ಚಿಕ್ಕ ಪವರ್ ಸಪ್ಲೈದು. ಅದಕ್ಕೆ ಮದ್ದು ಪುಕ್ಕಟೆ: ನಡೆದಾದ ಮೇಲೆ ಗೋಡೆ ಸ್ವಿಚ್ ಆರಿಸಿ ಅಂತ ಕೇಳಿಕೊಳ್ಳಿ. ನಮ್ಮಲ್ಲಿ ಸಾಕೆಟ್‌ಗೆ ಸ್ವಿಚ್ ಇರುವುದು ಎಂಥ ಪುಣ್ಯ, ಅಮೆರಿಕದವರು ಪ್ಲಗ್ಗನ್ನೇ ಕೀಳಬೇಕು. ಓಡುವಾಗ ಮಾತ್ರ ಬಂದರೆ ಮೋಟಾರ್ ಬೋರ್ಡ್. ಮನುಷ್ಯರು ಹತ್ತಿದಾಗ ಮಾತ್ರ ಚಟಪಟ ಬಂದರೆ ಬ್ರಶ್ ಅಥವಾ ಬೆಲ್ಟ್. ಬೆಲ್ಟ್ ಕೆಳಗೆ ಸಿಲಿಕಾನ್ ಎಣ್ಣೆ ಹಾಕಿಸಿ ಎಷ್ಟು ದಿನವಾಯಿತು ಅಂತ ವಿಚಾರಿಸಿ, ಎಷ್ಟೋ ಮನೆಗಳಲ್ಲಿ ಕೊಂಡ ದಿನದಿಂದ ಹಾಕಿರುವುದಿಲ್ಲ.

ಹೆಜ್ಜೆ 6: ಅರ್ಥ್, ಫಿಲ್ಟರ್, ರಿಂಗ್. ಇದೇ ಕ್ರಮದಲ್ಲಿ

ಇಲ್ಲಿ ಒಂದು ವಿಷಯ ತಲೆಯಲ್ಲಿ ಕೂರಬೇಕು. ಮಷೀನ್ ಓಡಿಸುವ ಕರೆಂಟ್ ಫೇಸ್‌ನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತದೆ. ಎರಡೂ ಅಕ್ಕಪಕ್ಕದಲ್ಲಿ ಎದುರುಬದುರು ಹರಿಯುವುದರಿಂದ ಹೊರಗೆ ಜಾಸ್ತಿ ಏನೂ ಸೂಸುವುದಿಲ್ಲ. ನಮಗೆ ಕಾಟ ಕೊಡುವ ನಾಯ್ಸ್ ಹಾಗಲ್ಲ. ಅದು ಮೂರೂ ವೈರ್‌ನಲ್ಲಿ ಒಂದೇ ದಿಕ್ಕಿಗೆ ಹೊರಟು, ಕಟ್ಟಡ ಸುತ್ತಿ ಎಲ್ಲಿಂದಲೋ ವಾಪಸ್ ಬರುತ್ತದೆ. ಇದನ್ನು ಕಾಮನ್ ಮೋಡ್ ಅನ್ನುತ್ತಾರೆ. ಹೀಗಾಗಿ ಇಡೀ ಮನೆಯ ವೈರಿಂಗ್ ಆಂಟೆನಾ ಆಗಿಬಿಡುತ್ತದೆ. ತಡೆಯಬೇಕಾದದ್ದು ಮಷೀನ್‌ನ ಬಾಯಲ್ಲೇ, ಗೋಡೆ ಸೇರುವ ಮುಂಚೆ.

ಮೊದಲು ಅರ್ಥ್ ನೋಡಿ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೇ ತೂತಿನ ಹಿಂದೆ ವೈರೇ ಇರುವುದಿಲ್ಲ. ಮಷೀನ್‌ನ ಕಬ್ಬಿಣ ಮುಟ್ಟಿದರೆ ಸಣ್ಣಗೆ ಜುಂ ಅನ್ನುತ್ತದಾ? ಹಾಗಾದರೆ ರೇಡಿಯೋ ವಿಷಯ ಬದಿಗಿಟ್ಟು ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಫಿಲ್ಟರ್‌ನೊಳಗಿನ ಕೆಪಾಸಿಟರ್‌ಗಳು ನಾಯ್ಸನ್ನು ಅರ್ಥ್‌ಗೆ ಇಳಿಸಿಯೇ ಕೆಲಸ ಮಾಡುವುದು. ಅರ್ಥ್ ಇಲ್ಲದ ಕಡೆ ಫಿಲ್ಟರ್ ಹಾಕಿದರೆ ಅದರ ಡಬ್ಬಿಯೇ ಶಾಕ್ ಹೊಡೆಯುತ್ತದೆ.

ಆಮೇಲೆ ಮೇನ್ಸ್ ಇಎಂಐ ಫಿಲ್ಟರ್, ಅಂದರೆ ಕರೆಂಟ್ ಲೈನಿನ ನಾಯ್ಸ್ ಸೋಸುವಂಥದ್ದು. ಬೆಂಗಳೂರಿನವರಾದರೆ ಎಸ್‌ಪಿ ರೋಡ್‌ನಲ್ಲಿ ಕೇಳಿ. ಆಂಪಿಯರ್‌ನಲ್ಲಿ ಜುಗ್ಗತನ ಬೇಡ, ನಾನು 16 ಆಂಪಿಯರ್‌ನದ್ದು ತಂದೆ. ಲೋಹದ ಡಬ್ಬಿಯೊಳಗೆ ಕೂರಿಸಿ, ಡಬ್ಬಿಯನ್ನು ಅರ್ಥ್‌ಗೆ ಜೋಡಿಸಿ, ಮಷೀನ್ ಹತ್ತಿರವೇ ಇಡಿ. ಸಾಕೆಟ್ ಹತ್ತಿರ ಇಟ್ಟರೆ ನಡುವಿನ ಕೇಬಲ್ ಹಾಡುತ್ತಲೇ ಇರುತ್ತದೆ. ಒಳಗೆ ಬರುವ ವೈರ್, ಹೊರಗೆ ಹೋಗುವ ವೈರ್ ಒಟ್ಟಿಗೆ ಕಟ್ಟಬೇಡಿ, ನಾಯ್ಸ್ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಮನೆಯಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಲೀಕೇಜ್ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಇದ್ದರೆ ಒಮ್ಮೊಮ್ಮೆ ಅದು ಬೀಳಬಹುದು. ಫಿಲ್ಟರ್ ಅರ್ಥ್‌ಗೆ ಸ್ವಲ್ಪ ಕರೆಂಟ್ ಬಿಡುತ್ತದೆ, ಮನೆಯ ಉಳಿದ ಸಾಮಾನುಗಳ ಲೀಕೇಜ್ ಜೊತೆ ಸೇರಿ ಲೆಕ್ಕ ಮೀರುತ್ತದೆ. ಆಗ ಲೀಕೇಜ್ ಕಡಿಮೆ ಇರುವ ಫಿಲ್ಟರ್ ಹುಡುಕಿ, ಆರ್‌ಸಿಸಿಬಿ ಮಾತ್ರ ತೆಗೆಸಬೇಡಿ.

ಈಗ ಫೆರೈಟ್. "ಹಾಕಿ ನೋಡಿದೆ ಸಾರ್, ಏನೂ ಆಗ್ಲಿಲ್ಲ" ಅನ್ನುವವರೆಲ್ಲ ಎಡವುವುದು ಇಲ್ಲೇ. ಕೇಬಲ್ ಮೇಲೆ ಒಂದು ಕ್ಲಿಪ್ ಫೆರೈಟ್ ಹಾಕಿದರೆ ಅದು ಒಂದು ಸುತ್ತು. 7 ಮೆಗಾಹರ್ಟ್ಸ್‌ನಲ್ಲಿ ಅದರ ತಡೆ ಕೆಲವೇ ಹತ್ತು ಓಮ್, ಇದ್ದೂ ಇಲ್ಲದ ಹಾಗೆ. ತಡೆ ಸುತ್ತಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ: ಮೂರು ಸುತ್ತಿಗೆ ಹೆಚ್ಚುಕಡಿಮೆ ಒಂಬತ್ತು ಪಟ್ಟು, ಏಳು ಸುತ್ತಿಗೆ ನಲವತ್ತೊಂಬತ್ತು. ಹತ್ತು ಕ್ಲಿಪ್ ಸಾಲಾಗಿ ಹಾಕುವುದಕ್ಕಿಂತ ಒಂದು ದೊಡ್ಡ ರಿಂಗ್‌ನಲ್ಲಿ ಏಳು ಸಲ ತೂರಿಸುವುದು ಎಷ್ಟೋ ಮೇಲು.

ರಿಂಗ್ ಯಾವುದು? ಎಚ್‌ಎಫ್‌ಗೆ, ಅಂದರೆ ಶಾರ್ಟ್‌ವೇವ್ ಬ್ಯಾಂಡ್‌ಗಳಿಗೆ, 31ನೇ ಮಿಕ್ಸ್ (ಫೆರೈಟ್ ಮಿಶ್ರಣದ ನಂಬರ್), ಎಫ್‌ಟಿ240-31 ಅಂತ ಕೇಳಿ, ಹೊರ ಅಗಲ ಸುಮಾರು 61 ಮಿಲಿಮೀಟರ್. 43ನೇ ಮಿಕ್ಸ್ ಮೇಲಿನ ಬ್ಯಾಂಡ್‌ಗಳಿಗೆ ಪರವಾಗಿಲ್ಲ, 80 ಮತ್ತು 40 ಮೀಟರ್‌ಗೆ 31 ವಾಸಿ. ಹಳೇ ಕಂಪ್ಯೂಟರ್ ಪವರ್ ಸಪ್ಲೈಯಿಂದ ಕಿತ್ತ ಹಳದಿ-ಬಿಳಿ ರಿಂಗ್ ತರಬೇಡಿ, ಅದು ಕಬ್ಬಿಣದ ಪುಡಿಯದ್ದು, ಈ ಕೆಲಸಕ್ಕಲ್ಲ.

ಮಷೀನ್ ಪ್ಲಗ್ ರಿಂಗ್‌ನ ತೂತಿನಲ್ಲಿ ತೂರುವುದಿಲ್ಲ, ಅದನ್ನು ಕತ್ತರಿಸಲೂ ಬಾರದು, ವಾರಂಟಿ ಹೋಗುತ್ತದೆ. ನಾನು ಮಾಡಿದ್ದು ಹೀಗೆ. ಒಂದೂವರೆ ಮೀಟರ್ ಉದ್ದದ ಮೂರು ಕೋರ್ ಕೇಬಲ್, 2.5 ಚದರ ಮಿಲಿಮೀಟರ್‌ನದ್ದು. ಎರಡು ರಿಂಗ್ ಒಂದರ ಮೇಲೊಂದಿಟ್ಟು ಟೇಪ್ ಸುತ್ತಿ, ಇಡೀ ಕೇಬಲ್ಲನ್ನು ಆರು ಸಲ ತೂರಿಸಿದೆ. ಬೆರಳು ನೋಯುತ್ತದೆ, ಕೇಬಲ್ ಹಟ ಮಾಡುತ್ತದೆ, ಸ್ವಲ್ಪ ಹೊತ್ತು ಬಿಸಿಲಲ್ಲಿಟ್ಟರೆ ಮೆತ್ತಗಾಗುತ್ತದೆ. ಆಮೇಲೆ ಒಂದು ತುದಿಗೆ 16 ಆಂಪಿಯರ್ ಪ್ಲಗ್ ಟಾಪ್, ಇನ್ನೊಂದು ತುದಿಗೆ ಸಾಕೆಟ್. ಮೂರೂ ವೈರ್ ಒಟ್ಟಿಗೆ ತೂರಬೇಕು, ಒಂದನ್ನೂ ಹೊರಗೆ ಬಿಡಬಾರದು. ನೋಡಲು ಚಕ್ಕುಲಿ ಹಾಗೆ ಕಾಣುತ್ತದೆ. ಆಂಟಿ ಅದಕ್ಕೆ ಹಾಗೇ ಹೆಸರಿಟ್ಟಿದ್ದಾರೆ.

ನಮ್ಮಲ್ಲಿ ಬಂದ ಲೆಕ್ಕ: ಎಸ್ 8 ಇದ್ದದ್ದು ಫಿಲ್ಟರ್ ಹಾಕಿದಾಗ 6, ಚಕ್ಕುಲಿ ಸೇರಿಸಿದಾಗ 4. ಒಂದು ಎಸ್ ಅಂದರೆ 6 ಡೆಸಿಬಲ್. ಅಂದರೆ 24 ಡೆಸಿಬಲ್ ಇಳಿಯಿತು, ಪವರ್ ಲೆಕ್ಕದಲ್ಲಿ 250ರಲ್ಲಿ ಒಂದು ಭಾಗ ಉಳಿಯಿತು.

ಹೆಜ್ಜೆ 7: ಮುಚ್ಚಳ ತೆಗೆಯಬೇಕೇ?

ಆದಷ್ಟು ಬೇಡ. ಇನ್ನೊಬ್ಬರ ಮಷೀನ್ ಆದರೆ ಖಂಡಿತ ಬೇಡ, ಸರ್ವಿಸ್‌ನವರು ಬಂದಾಗ ಅವರ ಕೈಯಲ್ಲಿ ಮಾಡಿಸಿ. ಪ್ಲಗ್ ಕಿತ್ತ ಮೇಲೂ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್ ಕೂತಿರಬಹುದು. ನಿಮ್ಮದೇ ಮಷೀನ್ ಆಗಿ, ಇಂಥ ಕೆಲಸ ಗೊತ್ತಿದ್ದರೆ, ಕಾದು, ಮೀಟರ್ ಇಟ್ಟು ಸೊನ್ನೆ ಅಂತ ನೋಡಿಯೇ ಕೈ ಹಾಕಿ.

ಒಳಗೆ ಎರಡು ಕಡೆ ರಿಂಗ್ ಹಾಕಬಹುದು. ಬೋರ್ಡ್‌ನಿಂದ ಮೋಟಾರ್‌ಗೆ ಹೋಗುವ ಎರಡು ವೈರ್ ಒಟ್ಟಿಗೆ, ಬೋರ್ಡ್ ಹತ್ತಿರವೇ. ಇನ್ನೊಂದು, ಕಂಬದೊಳಗೆ ಮೇಲಕ್ಕೆ ಹೋಗುವ ಡಿಸ್‌ಪ್ಲೇ ಕೇಬಲ್. ಈ ಕಂಬದ ಕೇಬಲ್ ಮೀಟರ್ ಉದ್ದ ನೆಟ್ಟಗೆ ನಿಂತಿರುತ್ತದೆ, ಮೇಲಿನ ಬ್ಯಾಂಡ್‌ಗಳಲ್ಲಿ ಒಳ್ಳೆ ಆಂಟೆನಾ. ಮೋಟಾರ್ ವೈರ್‌ಗಳ ನಡುವೆ ಕೆಪಾಸಿಟರ್ ಮಾತ್ರ ಹಾಕಬೇಡಿ. ಪ್ರತಿ ಪಲ್ಸ್‌ಗೂ ಅದನ್ನು ತುಂಬಿಸಲು ಹೋಗಿ ಬೋರ್ಡಿನ ಟ್ರಾನ್ಸಿಸ್ಟರ್ ಸುಟ್ಟುಹೋದೀತು.

ಹೆಜ್ಜೆ 8: ನಿಮ್ಮ ಕಡೆಯೂ ಕೆಲಸ ಇದೆ

ಮೂಲದಲ್ಲಿ ಎಷ್ಟು ತಡೆದರೂ ಸ್ವಲ್ಪ ಉಳಿಯುತ್ತದೆ. ಅದು ಆಂಟೆನಾದಿಂದ ಬರುವ ನಿಮ್ಮ ಕೋಆಕ್ಸ್ ಕೇಬಲ್‌ನ ಹೊರ ಕವಚದ ಮೇಲೆ ಹತ್ತಿ ರಿಗ್‌ಗೆ ಬರುತ್ತದೆ. ಡೈಪೋಲ್, ಅಂದರೆ ಎರಡು ತೋಳಿನ ವೈರ್ ಆಂಟೆನಾದ ನಡುವೆ, ಕೇಬಲ್ ಸೇರುವ ಜಾಗದಲ್ಲಿ ಅದೇ 31ನೇ ಮಿಕ್ಸ್ ರಿಂಗ್‌ನಲ್ಲಿ ಕೋಆಕ್ಸ್ ಹತ್ತು ಹನ್ನೆರಡು ಸುತ್ತು ಸುತ್ತಿ. ನನಗೆ ಇದರಿಂದ ಇನ್ನೊಂದು ಎಸ್ ಇಳಿದು 3 ಆಯಿತು, ಹಳೇ ಜಾಗಕ್ಕೇ ಬಂದೆ. ಬಾಲ್ಕನಿ ಗ್ರಿಲ್‌ಗೆ ಕಟ್ಟಿದ ಆಂಟೆನಾ ಇದ್ದರೆ ಟೆರೇಸ್‌ಗೆ ಒಯ್ಯಿರಿ. ಗೋಡೆಯ ವೈರಿಂಗ್‌ನಿಂದ ಹತ್ತು ಮೀಟರ್ ದೂರ ಹೋದರೂ ಲಾಭ ಇದೆ. ರಿಗ್‌ನ ನಾಯ್ಸ್ ಬ್ಲ್ಯಾಂಕರ್ ಗುಂಡಿ ಒತ್ತಿ ನೋಡಿ, ಎಸ್‌ಸಿಆರ್ ಮಷೀನ್ ಆದರೆ ಫಲ ಕೊಡುತ್ತದೆ, ಪಿಡಬ್ಲ್ಯೂಎಂಗೆ ಅಷ್ಟಕ್ಕಷ್ಟೇ.

ಉಲ್ಟಾ ತೊಂದರೆ, ಇದನ್ನು ಮರೆಯಬೇಡಿ

ನೀವು 100 ವ್ಯಾಟ್‌ನಲ್ಲಿ ಪಿಟಿಟಿ (ಮಾತಾಡುವಾಗ ಒತ್ತುವ ಗುಂಡಿ) ಒತ್ತಿದಾಗ ಕೆಳಗಿನ ಮನೆಯಲ್ಲಿ ಏನಾಗುತ್ತಿದೆ? ಹಿಡಿಕೆಯ ಹಾರ್ಟ್‌ರೇಟ್ ಸೆನ್ಸರ್, ಸೇಫ್ಟಿ ಕೀ, ಡಿಸ್‌ಪ್ಲೇಗೆ ಹೋಗುವ ವೈರ್ ಎಲ್ಲವೂ ನಿಮ್ಮ ಸಿಗ್ನಲ್ ಹಿಡಿಯಬಲ್ಲವು. ಬೆಲ್ಟ್ ತಟ್ಟನೆ ನಿಂತರೆ ಅಥವಾ ವೇಗ ಬದಲಾದರೆ ಮೇಲಿದ್ದವರು ಬೀಳುತ್ತಾರೆ. ಎಪ್ಪತ್ತು ವರ್ಷದವರು ಬಿದ್ದರೆ ಸೊಂಟ ಮುರಿಯುತ್ತದೆ, ತಮಾಷೆಯಲ್ಲ. ಹಾಗಾಗಿ ಬೆಲ್ಟ್ ಮೇಲೆ ಯಾರೂ ಇಲ್ಲದೆ ಖಾಲಿ ಓಡಿಸಿ, 10 ವ್ಯಾಟ್‌ನಿಂದ ಶುರು ಮಾಡಿ 25, 50, 100 ಅಂತ ಏರಿಸುತ್ತಾ, ಬಳಸುವ ಎಲ್ಲಾ ಬ್ಯಾಂಡ್‌ನಲ್ಲೂ ಮಾಡಿ ನೋಡಿ. ನಮ್ಮಲ್ಲಿ 15 ಮೀಟರ್‌ನಲ್ಲಿ 50 ವ್ಯಾಟ್ ದಾಟಿದರೆ ಡಿಸ್‌ಪ್ಲೇ ಮಿನುಗುತ್ತಿತ್ತು. ಸರ್ವಿಸ್‌ನವರ ಕೈಯಲ್ಲಿ ಕಂಬದ ಕೇಬಲ್‌ಗೆ ಫೆರೈಟ್ ಹಾಕಿಸಿದೆ, ಈಗ ಇಲ್ಲ. ಆದರೂ ಅಂಕಲ್ ನಡೆಯುವ ಹೊತ್ತಲ್ಲಿ ನಾನು ಆ ಬ್ಯಾಂಡ್‌ಗೆ ಹೋಗುವುದಿಲ್ಲ.

ಪಕ್ಕದವರು ಒಪ್ಪದೇ ಇದ್ದರೆ? ನಡೆಯುವ ಹೊತ್ತು ಅರ್ಧ ಗಂಟೆ ಆಚೀಚೆ ಮಾಡುತ್ತೀರಾ ಅಂತ ಕೇಳಿ ನೋಡಿ, ಹ್ಯಾಮ್‌ಗಳು ಸೇರಿ ಮಾತಾಡುವ ಬೆಳಗಿನ ನೆಟ್ ಮುಗಿಯುವಷ್ಟು. ಅದೂ ಆಗದಿದ್ದರೆ ದೂರಸಂಪರ್ಕ ಇಲಾಖೆಯ ಕೆಳಗೆ ವೈರ್‌ಲೆಸ್ ಮಾನಿಟರಿಂಗ್ ವಿಭಾಗ ಇದೆ, ಇಂಥ ಇಂಟರ್‌ಫೆರೆನ್ಸ್ ದೂರು ಅವರ ಕೆಲಸ. ನಿಮ್ಮ ಒಂದು ವಾರದ ಬರಹ, ರೆಕಾರ್ಡಿಂಗ್ ಆಗ ಬೇಕಾಗುತ್ತದೆ. ಆದರೆ ಅದೇ ಮೆಟ್ಟಿಲು ದಿನಾ ಹತ್ತಿಳಿಯಬೇಕಲ್ಲ, ನಾನಾದರೆ ಅಲ್ಲಿಗೆ ಹೋಗುವ ಮುಂಚೆ ಇನ್ನೊಂದು ಸಲ ಕಾಫಿಗೆ ಕರೆಯುತ್ತೇನೆ.

ಇನ್ನು ನೀವೇ ಟ್ರೆಡ್‌ಮಿಲ್ ಕೊಳ್ಳಲು ಹೊರಟಿದ್ದರೆ, ಜೇಬಲ್ಲಿ ಆ ಪುಟ್ಟ ಎಎಂ ರೇಡಿಯೋ ಇಟ್ಟುಕೊಂಡು ಅಂಗಡಿಗೆ ಹೋಗಿ. ಸೇಲ್ಸ್‌ನವರಿಗೆ ಒಂದೊಂದೇ ಮಷೀನ್ ಓಡಿಸಲು ಹೇಳಿ, ಉಳಿದವನ್ನು ಆರಿಸಿರಲಿ, ಮೋಟಾರ್ ಮುಚ್ಚಳದಿಂದ ಒಂದು ಮೀಟರ್ ದೂರದಲ್ಲಿ ರೇಡಿಯೋ ಹಿಡಿದು, ಆಮೇಲೆ ಪವರ್ ಕೇಬಲ್ ಪಕ್ಕದಲ್ಲಿ ಹಿಡಿದು ಕೇಳಿ. ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.